ಆಂಜಿನ್ ಎಂದರೆ ಎದೆನೋವಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮುಂಬಯಿ ಆಸ್ಪತ್ರೆಗಳಿಗೆ ಬರುವ ವಿದೇಶಿ ರೋಗಿಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆಫ್ರಿಕಾದಿಂದ ಬರುವವರ ವೀಸಾ ಓಡಾಟ, ಪರೇಲಿನ ಲಾಡ್ಜುಗಳ ಬಾಡಿಗೆ, ಊಟದ ಪಾಡು, ಎಲ್ಲ ಸರಿಯಾಗಿಯೇ ಬರೆದಿದ್ದಾರೆ. ಆದರೆ ಎರಡು ವಿಷಯಕ್ಕೆ ಉತ್ತರ ಕೊಡದೆ ಇರಲಾಗುವುದಿಲ್ಲ. ಒಂದು, ಫೋನಿನಲ್ಲೇ ಎಲ್ಲ ಭಾಷಾಂತರ ಆಗುವುದರಿಂದ ಇನ್ನು ದುಭಾಷಿಗಳು ಬೇಡ ಎಂಬ ಮಾತು. ಇನ್ನೊಂದು, ಪಕ್ಕದ ಬಾಕ್ಸಿನಲ್ಲಿ ಹಾಕಿದ ಫ್ರೆಂಚ್ ಪದಗಳ ಪಟ್ಟಿ. ಅದರಲ್ಲಿ 'ಆಂಜಿನ್' ಎಂದರೆ ಹೃದಯದ ನೋವು ಎಂದಿದೆ. ತಪ್ಪು. ಫ್ರೆಂಚಿನಲ್ಲಿ ಬರೀ ಆಂಜಿನ್ ಎಂದರೆ ಗಂಟಲು ನೋವು, ಟಾನ್ಸಿಲ್ ಊದಿಕೊಳ್ಳುವುದು. ಹೃದಯದ ನೋವಿಗೆ ಅವರು 'ಆಂಜಿನ್ ದ ಪ್ವಾತ್ರಿನ್' ಎನ್ನುತ್ತಾರೆ, ಅಂದರೆ ಎದೆಯ ಆಂಜಿನ್. ಡಾಕ್ಟರುಗಳು ಚಿಕ್ಕದಾಗಿ 'ಆಂಗೋರ್' ಎಂದು ಬರೆಯುತ್ತಾರೆ. ಆ ಬಾಕ್ಸನ್ನು ಕತ್ತರಿಸಿ ಕೌಂಟರಿನಲ್ಲಿ ಅಂಟಿಸಿಕೊಂಡವರಿದ್ದಾರೆ. ದಯವಿಟ್ಟು ತಿದ್ದುಪಡಿ ಹಾಕಿ.

ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಬಹುದಿತ್ತು. ಆದರೆ ಈ ಒಂದು ಪದದ ಹಿಂದೆ ಏನೇನಿದೆ ಎಂದು ಹೇಳದಿದ್ದರೆ, ಇದೇನು ಮುದುಕಿ ಪದ ಹಿಡಿದು ಜಗಳಕ್ಕೆ ಬಂದಿದ್ದಾಳೆ ಎಂದು ನಿಮಗೆ ಅನ್ನಿಸೀತು.

ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಿದ್ದವಳು. ನಿವೃತ್ತಿಯಾದ ಮೇಲೆ ಫ್ರೆಂಚ್ ಮೆಡಿಕಲ್ ರಿಪೋರ್ಟುಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ಹೆಚ್ಚಿನವು ಹೃದಯದ್ದು, ರಕ್ತನಾಳದ್ದು. ನಮ್ಮದು ಮನೆಯಲ್ಲಿ ಕುಂದಾಪ್ರ ಕನ್ನಡ, ಚಾಳಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ಫ್ರೆಂಚ್ ಕಲಿತದ್ದು ದೊಡ್ಡ ಆಸೆಯಿಂದ ಅಲ್ಲ. ಹನ್ನೊಂದನೇ ಕ್ಲಾಸಿನಲ್ಲಿ ಫ್ರೆಂಚ್ ತಗೊಂಡರೆ ಮಾರ್ಕ್ಸ್ ಜಾಸ್ತಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಮುಂಬಯಿಯ ಎಷ್ಟೋ ಮಕ್ಕಳು ಇವತ್ತಿಗೂ ಅದೇ ಲೆಕ್ಕದಲ್ಲಿ ತಗೊಳ್ಳುತ್ತಾರೆ. ನನಗೆ ರುಚಿ ಹತ್ತಿತು. ಮುಂದೆ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೆಸ್‌ನ ಸಂಜೆ ಕ್ಲಾಸಿಗೂ ಹೋದೆ. ಡ್ಯೂಟಿ ಮುಗಿಸಿ ಕ್ಲಾಸು, ಕ್ಲಾಸು ಮುಗಿಸಿ ಲೋಕಲ್ ಟ್ರೇನು. ಹೊಟ್ಟೆಪಾಡಿಗೆ ಇದು ಬಂದೀತು ಎಂದು ಆಗ ಅಂದುಕೊಂಡಿರಲಿಲ್ಲ.

ಈಗ ಆಂಜಿನ್ ಕಥೆ. ಮಡಗಾಸ್ಕರ್‌ನಿಂದ ಒಂದು ಹುಡುಗಿಯನ್ನು ಅಪ್ಪ ಕರೆದುಕೊಂಡು ಬಂದಿದ್ದರು. ಹದಿಹರೆಯ ಇನ್ನೂ ಮುಗಿದಿರಲಿಲ್ಲ. ಮೆಟ್ಟಿಲು ಹತ್ತಿದರೆ ಉಬ್ಬಸ, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಅಲ್ಲಿನ ಡಾಕ್ಟರ ಕೈಬರಹದ ಫೈಲು ಇತ್ತು. ಯಾರೋ ಏಜೆಂಟ್ ಅದನ್ನು ಇಂಗ್ಲಿಷಿಗೆ ಮಾಡಿಸಿ ಆಸ್ಪತ್ರೆಗೆ ಕಳಿಸಿದ್ದ. ಆಸ್ಪತ್ರೆಯ ಹೆಸರು ಬೇಡ. ಆ ಇಂಗ್ಲಿಷ್ ಕಾಗದದಲ್ಲಿ, ಚಿಕ್ಕಂದಿನಿಂದ ಮತ್ತೆ ಮತ್ತೆ ಆಂಜೈನಾ ಬರುತ್ತಿತ್ತು ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಆಂಜೈನಾ ಎಂದರೆ ಹೃದಯದ ನೋವೇ. ಸಣ್ಣ ಮಗುವಿಗೆ ಆಂಜೈನಾ! ಓದಿದ ಜೂನಿಯರ್ ಡಾಕ್ಟರು ಏನು ಮಾಡಬೇಕು ಪಾಪ. ಹೃದಯದ ರಕ್ತನಾಳ ಹುಟ್ಟಿನಿಂದಲೇ ಸರಿ ಇಲ್ಲವೋ ಏನೋ ಎಂದು, ರಕ್ತನಾಳದೊಳಗೆ ಬಣ್ಣ ಬಿಟ್ಟು ಎಕ್ಸ್-ರೇ ತೆಗೆಯುವ ಆಂಜಿಯೋಗ್ರಫಿ ಬರೆದರು. ಅಂದಾಜು ಖರ್ಚಿನ ಚೀಟಿಗೂ ಅದು ಸೇರಿತು. ಅಪ್ಪ ಮೊದಲೇ ಊರಲ್ಲಿ ಸಾಲ ಮಾಡಿ ಬಂದವರು.

ಮೂಲ ಫೈಲಿನಲ್ಲಿ ಇದ್ದದ್ದು 'ಆಂಜಿನ್ ಆ ರೆಪೆತಿಸಿಯೋಂ'. ಪದೇ ಪದೇ ಗಂಟಲು ನೋವು, ಅಷ್ಟೇ. ಆದರೆ ಆ 'ಅಷ್ಟೇ'ಯಲ್ಲಿ ಹುಡುಗಿಯ ಇಡೀ ಕಾಯಿಲೆಯ ಮೂಲ ಇತ್ತು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಮಕ್ಕಳಿಗೆ ಗಂಟಲು ನೋವು ಬರುತ್ತದೆ. ಸರಿಯಾಗಿ ಔಷಧಿ ಆಗದಿದ್ದರೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲುಗಳು ಊದಿಕೊಂಡು ವಾಸಿಯಾಗುತ್ತವೆ, ಹೃದಯದ ಕವಾಟಕ್ಕೆ, ಅಂದರೆ ರಕ್ತವನ್ನು ಒಂದೇ ಕಡೆಗೆ ಬಿಡುವ ಬಾಗಿಲಿಗೆ, ಆದ ಗಾಯ ಮಾತ್ರ ಉಳಿಯುತ್ತದೆ. ವರ್ಷಗಳು ಕಳೆದಂತೆ ಕವಾಟದ ಎಸಳುಗಳು ಒಂದಕ್ಕೊಂದು ಅಂಟಿ, ದಪ್ಪವಾಗಿ, ಬಾಯಿ ಚಿಕ್ಕದಾಗುತ್ತದೆ. ರಕ್ತ ಮುಂದೆ ಹೋಗದೆ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅದಕ್ಕೇ ಉಬ್ಬಸ. ಹಿಂದೆ ಹಳ್ಳಿಯಿಂದ ಪರೇಲಿನ ಕೆಇಎಂ ಆಸ್ಪತ್ರೆಗೆ ಬರುತ್ತಿದ್ದ ನಮ್ಮ ಕಡೆಯ ಎಷ್ಟು ಜನ ಹೆಣ್ಣುಮಕ್ಕಳಿಗೆ ಇದೇ ಕಾಯಿಲೆ ಇತ್ತು ಎಂದು ಪರೇಲಿನಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಗಂಟಲು ನೋವು ಎಂದು ಓದಿದ್ದರೆ ನಮ್ಮ ಡಾಕ್ಟರಿಗೆ ಅರ್ಧ ನಿಮಿಷದಲ್ಲಿ ದಾರಿ ಸಿಗುತ್ತಿತ್ತು. ಆಂಜೈನಾ ಎಂದು ಓದಿದ್ದರಿಂದ ಇದ್ದ ದಾರಿಯೂ ಮುಚ್ಚಿತು. ನಾನು ಮೂಲ ಓದಿ ಹೇಳಿದ ಮೇಲೆ ದೊಡ್ಡ ಡಾಕ್ಟರು ನಕ್ಕು, ಆಂಜಿಯೋಗ್ರಫಿ ಹೊಡೆದು ಹಾಕಿದರು.

ಅದೇ ಫೈಲಿನಲ್ಲಿ ಇನ್ನೊಂದು ಸಾಲಿತ್ತು. 'ಎಕ್ಸ್ತಾನ್ಸಿಲಿನ್', 1,2 ಮಿಲಿಯನ್ ಯೂನಿಟ್, ಮೂರು ವಾರಕ್ಕೊಮ್ಮೆ. ಏಜೆಂಟನ ಕಾಗದದಲ್ಲಿ ಆ ಹೆಸರು ಹಾಗೇ ಕೂತಿತ್ತು. ಇಲ್ಲಿನ ಯಾವ ಮೆಡಿಕಲ್ ಸ್ಟೋರಿನವನಿಗೂ ಅದು ಗೊತ್ತಿಲ್ಲ. ಅದು ಬೆಂಜಥೀನ್ ಪೆನಿಸಿಲಿನ್. ನಮ್ಮಲ್ಲಿ ಎಲ್ಲ ನರ್ಸುಗಳಿಗೂ ಗೊತ್ತಿರುವ ಪೆನಿಡ್ಯೂರ್. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ವರ್ಷಗಟ್ಟಲೆ ಕೊಡುವ ಇಂಜೆಕ್ಷನ್. ಫ್ರೆಂಚರು ದಶಮಾಂಶಕ್ಕೆ ಚುಕ್ಕಿ ಹಾಕುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ಹಾಗಾಗಿ 1,2 ಮಿಲಿಯನ್ ಎಂದರೆ ನಮ್ಮ ಲೆಕ್ಕದಲ್ಲಿ 12 ಲಕ್ಷ. ನಮ್ಮ ಪೆನಿಡ್ಯೂರ್ ಎಲ್‌ಎ 12 ಎಂಬ ಹೆಸರಿನ 12 ಕೂಡ ಅದೇ 12 ಲಕ್ಷ. ಎರಡೂ ಕಡೆ ಒಂದೇ ಡೋಸು, ಒಂದೇ ಔಷಧಿ. ಆದರೆ ಕಾಗದ ನೋಡಿದವರಿಗೆ ಈ ಹುಡುಗಿ ಯಾವ ತಡೆ ಔಷಧಿಯನ್ನೂ ತಗೊಂಡಿಲ್ಲ ಎಂದೇ ಅನ್ನಿಸುತ್ತಿತ್ತು.

ಅಂಕಿಗಳ ಕಥೆ ಪದಗಳಿಗಿಂತ ಕಷ್ಟದ್ದು. ಪದ ತಪ್ಪಿದರೆ ಓದುವವರಿಗೆ ಅನುಮಾನವಾದರೂ ಬರುತ್ತದೆ. ಅಂಕಿ ಸುಮ್ನೆ ಕೂತಿರುತ್ತದೆ.

ಬಿಪಿಯನ್ನೇ ತಗೊಳ್ಳಿ. ಫ್ರಾನ್ಸಿನಲ್ಲೂ ಫ್ರೆಂಚ್ ಓದಿದ ಆಫ್ರಿಕಾದ ಡಾಕ್ಟರುಗಳಲ್ಲೂ 'ದೂಜ್ ವಿತ್' ಎನ್ನುವ ರೂಢಿ. ಹನ್ನೆರಡು-ಎಂಟು. ನಮ್ಮ 120/80. ಅವರು ಪಾದರಸದ ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ನಾವು ಮಿಲಿಮೀಟರಿನಲ್ಲಿ. ಅಳತೆ ಒಂದೇ. ರಕ್ತದ ಒತ್ತಡವನ್ನು ಪಾದರಸದ ಕೊಳವೆಯಲ್ಲಿ ಅಳೆದು ತೋರಿಸಿದವರು ಪ್ಯಾರಿಸ್ಸಿನ ಡಾಕ್ಟರ್ ಪ್ವಾಸೊಯ್, 1828ರಲ್ಲಿ. ರಕ್ತನಾಳದ ಅಗಲ ಅರ್ಧವಾದರೆ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ ಎಂಬ ಲೆಕ್ಕವೂ ಅವರದೇ. ಇರಲಿ. ಚೀಟಿಯಲ್ಲಿ 16/9 ಎಂದಿದ್ದರೆ ಅದು 160/90. ಫೋನಿನ ಭಾಷಾಂತರ ಅದನ್ನು 16/9 ಎಂದೇ ಬಿಡುತ್ತದೆ. ಬಿಟ್ಟರೂ ಪರವಾಗಿಲ್ಲ, ನೋಡಿದ ನರ್ಸಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತದೆ. ಅಂದಹಾಗೆ ನಿಮ್ಮ ಬಾಕ್ಸಿನಲ್ಲಿ 'ತಾನ್ಸಿಯೋಂ' ಎಂದರೆ ಆತಂಕ ಎಂದಿದೆ. ಮುಂಬಯಿ ಹಿಂದಿಯ ಟೆನ್ಷನ್ ಅಲ್ಲ ಅದು. ಫ್ರೆಂಚ್ ಮಾತಾಡುವ ರೋಗಿ 'ನನಗೆ ತಾನ್ಸಿಯೋಂ ಇದೆ' ಎಂದರೆ ಬಿಪಿ ಜಾಸ್ತಿ ಇದೆ ಎಂದರ್ಥ. ನಾವು 'ಬಿಪಿ ಇದೆ' ಅನ್ನುವುದಿಲ್ಲವೇ, ಹಾಗೆ. ಇದನ್ನೂ ತಿದ್ದಿಬಿಡಿ.

ನಿಜಕ್ಕೂ ಭಯ ಹುಟ್ಟಿಸುವುದು ರಕ್ತ ತೆಳುವಾಗಿಸುವ ಮಾತ್ರೆಯವರ ರಿಪೋರ್ಟು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ಈ ಮಾತ್ರೆ ತಗೊಳ್ಳಬೇಕು. ಡೋಸು ಕಡಿಮೆಯಾದರೆ ಕವಾಟದಲ್ಲಿ ಗಡ್ಡೆ ಕಟ್ಟುತ್ತದೆ, ಜಾಸ್ತಿಯಾದರೆ ಮೈಯಲ್ಲೆಲ್ಲಾದರೂ ರಕ್ತ ಒಸರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಆಗಾಗ ಪರೀಕ್ಷೆ ಮಾಡಿಸಬೇಕು. ನಮ್ಮ ಲ್ಯಾಬುಗಳು ಇದನ್ನು ಪಿಟಿ ಎನ್ನುತ್ತವೆ, ಸೆಕೆಂಡಿನಲ್ಲಿ ಕೊಡುತ್ತವೆ. ಆರೋಗ್ಯವಂತರಿಗೆ ಹನ್ನೆರಡು ಸೆಕೆಂಡಿನ ಆಸುಪಾಸು. ಫ್ರೆಂಚ್ ಲ್ಯಾಬುಗಳು ಟಿಪಿ ಎಂದು ಬರೆಯುತ್ತವೆ, ಶೇಕಡಾದಲ್ಲಿ ಕೊಡುತ್ತವೆ. ಆರೋಗ್ಯವಂತರಿಗೆ ಶೇ. 70ರಿಂದ 100. ಟಿಪಿ, ಪಿಟಿ, ಎರಡಕ್ಷರ ಆಚೀಚೆ ಅಷ್ಟೇ ಎಂದು ತೋರುತ್ತದೆ ಅಲ್ವಾ? ಆದರೆ ದಿಕ್ಕೇ ಉಲ್ಟಾ. ಸೆಕೆಂಡು ಏರಿದರೆ ರಕ್ತ ತೆಳುವಾಗಿದೆ ಎಂದರ್ಥ. ಶೇಕಡಾ ಏರಿದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದರ್ಥ. ಕವಾಟ ಹಾಕಿಸಿಕೊಂಡವರ ಟಿಪಿ ಶೇ. 90 ಎಂದು ಬಂದರೆ ಗಡ್ಡೆ ಕಟ್ಟುವ ಅಪಾಯ. ಅದನ್ನೇ ಯಾರಾದರೂ ಪಿಟಿ 90 ಎಂದು ಟೈಪು ಮಾಡಿದರೆ, ಓದಿದವರು ರಕ್ತಸ್ರಾವದ ಭಯಕ್ಕೆ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಕೊಡಬೇಕಾದ ಹೊತ್ತಿನಲ್ಲಿ ನಿಲ್ಲಿಸಿದ ಹಾಗಾಯಿತು.

ಲ್ಯಾಬಿನಿಂದ ಲ್ಯಾಬಿಗೆ ಈ ಪರೀಕ್ಷೆಯ ಉತ್ತರ ಬೇರೆ ಬೇರೆ ಬರುತ್ತಿದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಎಂಬ ಅಳತೆಯನ್ನು ಜಾರಿಗೆ ತಂದಿತು. ಯಾವ ದೇಶದ ಲ್ಯಾಬಾದರೂ ಐಎನ್‌ಆರ್ ಒಂದೇ ರೀತಿ ಓದಬಹುದು. ಫ್ರೆಂಚರೂ ಅದನ್ನು ಐಎನ್‌ಆರ್ ಎಂದೇ ಬರೆಯುತ್ತಾರೆ, ಭಾಷಾಂತರದ ಕಾಟವಿಲ್ಲ. ಹಾಗಾಗಿ ನಾನು ಯಾವ ರಿಪೋರ್ಟು ಬಂದರೂ ಮೊದಲು ಐಎನ್‌ಆರ್ ಎಲ್ಲಿದೆ ಎಂದು ಹುಡುಕುತ್ತೇನೆ. ಅದು ಇಲ್ಲದಿದ್ದರೆ ಟಿಪಿಯನ್ನು ಶೇಕಡಾ ಎಂದೇ ಬರೆದು, ಇದು ಸೆಕೆಂಡಲ್ಲ ಎಂದು ದಪ್ಪ ಅಕ್ಷರದಲ್ಲಿ ಸೇರಿಸುತ್ತೇನೆ. ಸೆಕೆಂಡಿಗೆ ಪರಿವರ್ತನೆ ಮಾಡುವ ಸಾಹಸಕ್ಕೆ ಹೋಗುವುದಿಲ್ಲ. ಅದು ಲ್ಯಾಬಿನವರ ಕೆಲಸ, ಇಲ್ಲಿ ಇನ್ನೊಮ್ಮೆ ರಕ್ತ ತೆಗೆದರೆ ಮುಗಿಯಿತು.

ಕೊಲೆಸ್ಟರಾಲ್, ಸಕ್ಕರೆಯದು ಸುಲಭ. ಅವರು ಲೀಟರಿಗೆ ಗ್ರಾಂ ಎನ್ನುತ್ತಾರೆ, ನಾವು ಡೆಸಿಲೀಟರಿಗೆ ಮಿಲಿಗ್ರಾಂ. 1,60 ಎಂದರೆ ನಮ್ಮ 160. ಕೈಬರಹದಲ್ಲಿ ಮಾತ್ರ ಹುಷಾರು. ಅವರ ಒಂದರ ತಲೆಗೆ ಉದ್ದ ಬಾಲ ಇರುತ್ತದೆ, ನಮ್ಮ ಕಣ್ಣಿಗೆ ಏಳರ ಹಾಗೆ ಕಾಣುತ್ತದೆ. ಅವರ ಏಳಕ್ಕೆ ನಡುವೆ ಅಡ್ಡಗೆರೆ ಇದೆಯೇ ನೋಡಬೇಕು.

ಇನ್ನು ಸಂಕ್ಷೇಪಾಕ್ಷರಗಳು. ಇಲ್ಲಿ ಸ್ವಲ್ಪ ತಮಾಷೆಯೂ ಇದೆ. ಮಗುವಿಗೆ ಸಿಐಎ ಇದೆ ಎಂದು ಬರೆದಿರುತ್ತಾರೆ. ಅಮೆರಿಕದ ಗೂಢಚಾರರಿಗೂ ಮಗುವಿಗೂ ಸಂಬಂಧವಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಇಂಗ್ಲಿಷಿನಲ್ಲಿ ಎಎಸ್‌ಡಿ. ಕೆಳಗಿನ ಕೋಣೆಗಳ ನಡುವೆ ತೂತಿದ್ದರೆ ಅವರಿಗೆ ಸಿಐವಿ, ನಮಗೆ ವಿಎಸ್‌ಡಿ. ಟಿವಿ ಎಂದರೆ ಟೆಲಿವಿಷನ್ ಅಲ್ಲ, ವಿಟಿ. ಹೃದಯ ಕೆಳಕೋಣೆಯಿಂದ ಹುಚ್ಚು ಹಿಡಿದ ಹಾಗೆ ಬಡಿಯುವುದು. ಅಡ್ಮಿಷನ್ ಕೌಂಟರಿನಲ್ಲೇ ಜೀವ ಹೋಗಬಹುದಾದ ವಿಷಯ.

ಕವಾಟಗಳಿಗೆ ಬಂದರೆ ನಗು ನಿಲ್ಲುತ್ತದೆ. ಕವಾಟ ಕಿರಿದಾದರೆ ಫ್ರೆಂಚರು 'ರೆತ್ರೆಸಿಸ್ಮಾಂ' ಎನ್ನುತ್ತಾರೆ. ಮಹಾಪಧಮನಿಯ ಕವಾಟ ಕಿರಿದಾದರೆ ಆರ್‌ಎ. ನಮ್ಮ ಡಾಕ್ಟರಿಗೆ ಆರ್‌ಎ ಎಂದರೆ ರುಮಟಾಯ್ಡ್ ಸಂಧಿವಾತ. ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಸೋರಿದರೆ ಅವರಿಗೆ ಐಎಂ. ನಮ್ಮ ನರ್ಸಿಗೆ ಐಎಂ ಎಂದರೆ ಸ್ನಾಯುವಿಗೆ ಕೊಡುವ ಇಂಜೆಕ್ಷನ್. ಹೃದಯದ ಮುಂಭಾಗದಲ್ಲಿ ಇಳಿಯುವ ದೊಡ್ಡ ರಕ್ತನಾಳಕ್ಕೆ ಇಂಗ್ಲಿಷಿನಲ್ಲಿ ಎಲ್‌ಎಡಿ. ಬ್ಲಾಕ್, ಸ್ಟೆಂಟ್ ಎಂದು ಓಡಾಡಿದ ಮುಂಬಯಿಯ ಯಾವ ಮನೆಯವರಿಗೂ ಈ ಮೂರಕ್ಷರ ಗೊತ್ತು. ಫ್ರೆಂಚಿನಲ್ಲಿ ಅದೇ ನಾಳ ಐವಿಎ. ಗೋವಾದಲ್ಲಿ ಪೋರ್ಚುಗೀಸ್ ಬಲ್ಲ ನನ್ನ ಗೆಳತಿಗೆ ಒಮ್ಮೆ ತೋರಿಸಿದೆ. 'ಇದು ತೆರಿಗೆ ಅಲ್ವೇನೆ' ಎಂದಳು. ಪೋರ್ಚುಗೀಸಿನಲ್ಲಿ ಐವಿಎ ಎಂದರೆ ಮೌಲ್ಯವರ್ಧಿತ ತೆರಿಗೆಯಂತೆ.

ಕೆಲವು ಪದಗಳು ಇಂಗ್ಲಿಷಿನಲ್ಲಿ ಮೊದಲೇ ಹೋಗಿ ಕೂತಿವೆ, ಅವೇ ಹೆಚ್ಚು ಮೋಸ ಮಾಡುತ್ತವೆ. ಸ್ಟೆತೊಸ್ಕೋಪ್ ಹುಟ್ಟಿದ್ದೇ ಪ್ಯಾರಿಸ್ಸಿನಲ್ಲಿ. 1816ರಲ್ಲಿ ಲೆನೆಕ್ ಎಂಬ ಡಾಕ್ಟರು ಕಾಗದವನ್ನು ಕೊಳವೆಯ ಹಾಗೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಹಾಗಾಗಿ ಎದೆಯೊಳಗಿನ ಸದ್ದುಗಳ ಫ್ರೆಂಚ್ ಹೆಸರುಗಳು ಇಂಗ್ಲಿಷಿಗೆ ಹಾಗೇ ಬಂದವು. 'ಬ್ರುಯಿ' ಅಂಥ ಒಂದು ಪದ. ಫ್ರೆಂಚಿನಲ್ಲಿ ಬ್ರುಯಿ ಎಂದರೆ ಬರೀ ಸದ್ದು. ಹೃದಯದ ಬ್ರುಯಿಗಳು ಸರಿಯಾಗಿವೆ ಎಂದು ಬರೆದರೆ ಲಬ್ ಡಬ್ ಸರಿಯಾಗಿ ಕೇಳುತ್ತಿದೆ, ಚಿಂತೆ ಇಲ್ಲ ಎಂದರ್ಥ. ಇಂಗ್ಲಿಷ್ ಡಾಕ್ಟರಿಗೆ ಬ್ರುಯಿ ಎಂದರೆ ಕಿರಿದಾದ ರಕ್ತನಾಳದಲ್ಲಿ ರಕ್ತ ಬುಸುಗುಟ್ಟುವ ಸದ್ದು, ಅಂದರೆ ಕಾಯಿಲೆಯ ಗುರುತು. ಆ ಬುಸುಗುಟ್ಟುವಿಕೆಗೆ ಫ್ರೆಂಚರ ಪದವೇ ಬೇರೆ, 'ಸೂಫ್ಲ್'. ಬ್ರುಯಿಯನ್ನು ಬ್ರುಯಿ ಎಂದೇ ಬಿಟ್ಟರೆ ಇಲ್ಲದ ಕಾಯಿಲೆ ಹುಟ್ಟುತ್ತದೆ. ಅಕ್ಷರ ಒಂದೇ ಇದೆಯಲ್ಲ, ಭಾಷಾಂತರ ಬೇಡ ಎಂದುಕೊಂಡರೆ ಹೀಗಾಗುತ್ತದೆ.

ಹೃದಯದ ಮೇಲಿನ ಕೋಣೆಗೆ ಫ್ರೆಂಚರು 'ಒರೆಯೆತ್' ಎನ್ನುತ್ತಾರೆ. ಪುಟ್ಟ ಕಿವಿ. ನಮ್ಮ ಶಾಲೆಯ ಪುಸ್ತಕದ ಹೃತ್ಕರ್ಣವೂ ಕಿವಿಯೇ. ಇದನ್ನು ಮೊದಲ ಸಲ ಕ್ಲಾಸಿನಲ್ಲಿ ಕೇಳಿದಾಗ ನನಗೆ ಏನು ಖುಷಿ! ಇಂಗ್ಲಿಷಿನವರು ಮಾತ್ರ ಮನೆಯ ಅಂಗಳ ಎಂಬ ಅರ್ಥದ ಏಟ್ರಿಯಂ ಇಟ್ಟುಕೊಂಡರು. ಆದರೆ ಫ್ರೆಂಚಿನಲ್ಲಿ 'ಒರಿಕ್ಯುಲ್' ಎಂಬ ಇನ್ನೊಂದು ಕಿವಿ ಇದೆ. ಅದು ಕೋಣೆಯಲ್ಲ, ಕೋಣೆಗೆ ಅಂಟಿಕೊಂಡ ಪುಟ್ಟ ಚೀಲ. ಹೃದಯ ತಾಳ ತಪ್ಪಿ ಬಡಿಯುವವರಿಗೆ ಗಡ್ಡೆ ಹೆಚ್ಚಾಗಿ ಕಟ್ಟುವುದು ಎಡಗಡೆಯ ಈ ಚೀಲದಲ್ಲಿ. ಅಲ್ಲಿಂದ ಕಳಚಿ ಮೆದುಳಿಗೆ ಹೋದರೆ ಲಕ್ವ. ಬಲೂನ್ ಹಾಕಿ ಕವಾಟ ಬಿಡಿಸುವ ಡಾಕ್ಟರಿಗೆ ಗಡ್ಡೆ ಕೋಣೆಯಲ್ಲಿದೆಯೋ ಚೀಲದಲ್ಲಿದೆಯೋ ಎಂಬುದು ಬಹಳ ಮುಖ್ಯ. ಒರಿಕ್ಯುಲ್ ಅನ್ನು ಇಂಗ್ಲಿಷಿನ ಆರಿಕಲ್ ಎಂದು ಹಾಕಿದರೆ ಕೆಲಸ ಕೆಟ್ಟಿತು. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಆರಿಕಲ್ ಎಂದರೆ ಕೋಣೆ.

ಲಕ್ವದ ಮಾತು ಬಂತು. ನಮ್ಮವರದೇ ಒಂದು ಕಥೆ ಹೇಳಿಬಿಡುತ್ತೇನೆ. ಉಡುಪಿ ಕಡೆಯವರು, ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಪಾರ್ಶ್ವವಾಯು ಹೊಡೆಯಿತು. ಸ್ವಲ್ಪ ಸುಧಾರಿಸಿದ ಮೇಲೆ ಡೊಂಬಿವಲಿಯ ಮನೆಗೆ ಕರೆತಂದರು. ಇನ್ಶೂರೆನ್ಸಿಗೆ ಕಾಗದ ಕೊಟ್ಟರೆ, ಅದರ ಜೊತೆಗಿದ್ದ ಇಂಗ್ಲಿಷಿನಲ್ಲಿ ಮೆದುಳಿನ ಆಕ್ಸಿಡೆಂಟ್ ಎಂದಿತ್ತು. ಫ್ರೆಂಚಿನಲ್ಲಿ ಲಕ್ವಕ್ಕೆ ಎವಿಸಿ ಎನ್ನುತ್ತಾರೆ. ಅದರ ಎ ಎಂದರೆ 'ಆಕ್ಸಿದಾಂ', ಏಕಾಏಕಿ ಆದ ಘಟನೆ ಎಂಬ ಅರ್ಥ. ಇಲ್ಲಿನ ಕ್ಲೇಮ್ ಡೆಸ್ಕಿನವರು ಆಕ್ಸಿಡೆಂಟ್ ಎಂದರೆ ಎಫ್‌ಐಆರ್ ಎಲ್ಲಿ, ಪೊಲೀಸ್ ಪಂಚನಾಮೆ ಎಲ್ಲಿ ಎಂದು ಕೇಳಿದರು. ಆ ಮನೆಯಾಕೆ ಗಂಡನನ್ನು ನೋಡಿಕೊಳ್ಳುವುದೋ, ಅಬಿಜಾನ್ ಪೊಲೀಸರಿಗೆ ಫೋನ್ ಮಾಡುವುದೋ! ಸ್ಟ್ರೋಕ್ ಎಂಬ ಒಂದು ಪದ ಹಾಕಿ ಹೊಸ ಕಾಗದ ಕೊಟ್ಟ ಮೇಲೆ ಫೈಲು ಮುಂದೆ ಹೋಯಿತು.

ಬಾಯಿಮಾತಿನಲ್ಲೂ ಇಂಥದ್ದು ಸಾಕಷ್ಟಿದೆ. ಫ್ರೆಂಚ್ ಮಾತಾಡುವವರು 'ಮಾಲ್ ಒ ಕರ್' ಎಂದರೆ ಅಕ್ಷರಕ್ಕೆ ಅಕ್ಷರ ಹೃದಯದಲ್ಲಿ ನೋವು. ಆದರೆ ಹೇಳುತ್ತಿರುವುದು ಸಾಮಾನ್ಯವಾಗಿ ವಾಕರಿಕೆ ಬರುತ್ತಿದೆ ಎಂದು. ಹಾಗಂತ ಹೃದಯದ ರೋಗಿಯ ಮುಂದೆ ಕೂತಾಗ ಅದನ್ನು ವಾಕರಿಕೆ ಎಂದು ತೀರ್ಮಾನ ಮಾಡಲೂ ಆಗದು. ಕೈಯಿಟ್ಟು ತೋರಿಸಿ ಎನ್ನುತ್ತೇನೆ. ಎದೆ ಮೇಲೆ ಇಡುತ್ತಾರೋ, ಹೊಟ್ಟೆ ಮೇಲೋ, ಗಂಟಲಿಗೋ. ಫೋನಿಗೆ ಕೈ ಕಾಣುವುದಿಲ್ಲ. ಅಂಕಿ ಹೇಳುವಾಗ ತೊಂಬತ್ತಕ್ಕೆ ಪ್ಯಾರಿಸ್ಸಿನವರು ನಾಲ್ಕಿಪ್ಪತ್ತು-ಹತ್ತು ಎನ್ನುತ್ತಾರೆ. ಕಾಂಗೋದ ಕಿನ್ಶಾಸದಿಂದ ಬಂದವರು ಬೆಲ್ಜಿಯಂನವರ ಹಾಗೆ 'ನೊನಾಂತ್' ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಇನ್ನು 'ಹಾರ್ಟ್ ಫೇಲ್'. ಫ್ರೆಂಚಿನ 'ಆಂಸುಫಿಸಾನ್ಸ್ ಕಾರ್ದಿಯಾಕ್' ಎಂಬುದಕ್ಕೆ ಇಂಗ್ಲಿಷಿನ ಸರಿಯಾದ ಪದ ಹಾರ್ಟ್ ಫೇಲ್ಯೂರ್. ಹೃದಯ ಬೇಕಾದಷ್ಟು ರಕ್ತ ತಳ್ಳುತ್ತಿಲ್ಲ ಎಂದು ಅರ್ಥ. ಆದರೆ ಅದನ್ನು ವಾರ್ಡ್‌ಬಾಯ್ ಕೇಳಿಸಿಕೊಂಡು, ಲಾಡ್ಜಿನ ನಮ್ಮ ಹುಡುಗರಿಗೆ 'ಹಾರ್ಟ್ ಫೇಲಂತೆ' ಎಂದರೆ ಮುಗಿಯಿತು. ನಮ್ಮ ಮಾತಿನಲ್ಲಿ ಹಾರ್ಟ್ ಫೇಲಾಯಿತು ಎಂದರೆ ಜೀವ ಹೋಯಿತು. ರೋಗಿ ಮೇಲೆ ರೂಮಿನಲ್ಲಿ ಚಹಾ ಕುಡಿಯುತ್ತಿರುವಾಗ ಕೆಳಗೆ ಕೌಂಟರಿನವರು ಅಳುಮುಖ ಮಾಡಿ ನಿಂತದ್ದನ್ನು ನಾನೇ ನೋಡಿದ್ದೇನೆ.

ನಾನು ಯಂತ್ರದ ವಿರೋಧಿಯಲ್ಲ. ನನ್ನ ಮಗ, 'ಅಮ್ಮಾ, ನೀನೂ ಫೋನಲ್ಲಿ ನೋಡ್ತೀಯಲ್ಲ' ಎಂದು ಕಾಲೆಳೆಯುತ್ತಾನೆ. ನೋಡುತ್ತೇನೆ. ಟೈಪು ಮಾಡಿದ ಉದ್ದ ವಾಕ್ಯಗಳನ್ನು ಫೋನು ಈಗ ಚೆನ್ನಾಗಿಯೇ ಮಾಡುತ್ತದೆ. ಕೆಲವು ಸಲ ನನಗಿಂತ ಒಳ್ಳೆ ಇಂಗ್ಲಿಷು. ಆದರೆ ಹೃದಯದ ರಿಪೋರ್ಟಿನಲ್ಲಿ ವಾಕ್ಯ ಇರುವುದು ಕಡಿಮೆ. ಇರುವುದು ಅರ್ಧ ಪದ, ಎರಡಕ್ಷರ, ಅಲ್ಪವಿರಾಮ, ಕಾಫಿ ಬಿದ್ದ ಮೂಲೆ. ಅಲ್ಲಿ ಫೋನು ಗೊತ್ತಿಲ್ಲ ಎನ್ನುವುದಿಲ್ಲ, ಏನೋ ಒಂದನ್ನು ಕೊಟ್ಟುಬಿಡುತ್ತದೆ. ನನಗೆ ಬೇಕಾದ ಭಾಷಾಂತರ, ಈ ಪದ ಓದಲು ಆಗಲಿಲ್ಲ ಎಂದು ಬರೆದು ಅಲ್ಲೇ ನಿಲ್ಲುವಂಥದ್ದು. ಡಾಕ್ಟರು ಆಗ ರೋಗಿಯನ್ನೇ ಕೇಳುತ್ತಾರೆ, ಇಲ್ಲವೇ ಇನ್ನೊಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ.

ಲೇಖನದಲ್ಲಿ ದುಭಾಷಿಗಳು ರೋಗಿಗಳನ್ನು ಸುಲಿಯುತ್ತಾರೆ ಎಂದೂ ಇದೆ. ಅದಕ್ಕೆ ನನ್ನ ತಕರಾರಿಲ್ಲ. ಆಸ್ಪತ್ರೆಯಿಂದ ಕಮಿಷನ್, ಲಾಡ್ಜಿನಿಂದ ಕಮಿಷನ್, ಟ್ಯಾಕ್ಸಿಯಿಂದ ಕಮಿಷನ್ ತಗೊಂಡು, ಮೇಲೆ ರೋಗಿಯಿಂದಲೂ ಡಾಲರಿನಲ್ಲಿ ವಸೂಲು ಮಾಡುವವರಿದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಫ್ರೆಂಚ್ ಬರುತ್ತದೆ, ರಿಪೋರ್ಟು ಓದುವಷ್ಟು ಬರುವುದಿಲ್ಲ. ಆದರೆ ಅವರನ್ನು ತೆಗೆದು ಫೋನು ಇಟ್ಟರೆ ರಿಪೋರ್ಟು ಸರಿಯಾಗುವುದಿಲ್ಲ. ಓದುವವರ ಜೊತೆ ಕಮಿಷನ್ನಿನ ಸಂಬಂಧ ಕಡಿಯಬೇಕು. ಆಸ್ಪತ್ರೆಯೇ ಪುಟಕ್ಕಿಷ್ಟು ಎಂದು ಕೊಟ್ಟು, ಬಿಲ್ಲಿನಲ್ಲಿ ತೋರಿಸಲಿ.

ಆಸ್ಪತ್ರೆಗಳ ವಿದೇಶಿ ರೋಗಿಗಳ ವಿಭಾಗದಲ್ಲಿ ಕನ್ನಡದವರೂ ಇದ್ದಾರೆ, ನಿಮ್ಮ ಪತ್ರಿಕೆಯನ್ನೂ ಓದುತ್ತಾರೆ. ಅವರಿಗೆ ನೇರವಾಗಿ ಹೇಳುತ್ತೇನೆ. ಇಂಗ್ಲಿಷ್ ಕಾಗದ ಎಷ್ಟೇ ನೀಟಾಗಿರಲಿ, ಮೂಲದ ಜೆರಾಕ್ಸ್ ಪಿನ್ ಹಾಕದೆ ಡಾಕ್ಟರ ಮೇಜಿಗೆ ಕಳಿಸಬೇಡಿ. ಅಂಕಿಯನ್ನು ಮೂಲದಲ್ಲಿ ಇದ್ದ ಹಾಗೇ, ಅದರ ಅಳತೆಯ ಸಮೇತ ಬರೆಯಿಸಿ. ಪರಿವರ್ತನೆ ಪಕ್ಕದಲ್ಲಿ ಬರಲಿ, ಮೂಲದ ಜಾಗದಲ್ಲಿ ಬೇಡ. ಸಂಕ್ಷೇಪಾಕ್ಷರವನ್ನು ಪೂರ್ತಿ ಬಿಡಿಸಿ ಬರೆಯಲು ಹೇಳಿ. ಆರ್‌ಎ ಎಂದೋ ಐಎಂ ಎಂದೋ ಉಳಿದಿದ್ದರೆ ಕಾಗದ ವಾಪಸ್ ಕಳಿಸಿ. ಭಾಷಾಂತರ ಮಾಡಿದವರ ಹೆಸರು ಮತ್ತು ಫೋನ್ ನಂಬರು ಕೆಳಗಿರಲಿ. ಡಾಕ್ಟರಿಗೆ ಅನುಮಾನ ಬಂದರೆ ರಾತ್ರಿ ಹನ್ನೊಂದಕ್ಕಾದರೂ ಫೋನ್ ಮಾಡಲಿ, ನಾವು ಎತ್ತುತ್ತೇವೆ.

ಔಷಧಿಗಳನ್ನು ಕಂಪನಿ ಇಟ್ಟ ಹೆಸರಿನಲ್ಲಲ್ಲ, ಒಳಗಿರುವ ಔಷಧಿಯ ಹೆಸರಿನಲ್ಲಿ ಬರೆಯಿಸಿ. ಲಾಸಿಲಿಕ್ಸ್ ಎಂದರೆ ನಮ್ಮ ಲ್ಯಾಸಿಕ್ಸ್, ಮೂತ್ರ ಹೆಚ್ಚಿಸುವ ಮಾತ್ರೆ, ಎಂದು ಊಹಿಸಬಹುದು. ಕಾರ್ದೆಜಿಕ್ ಎಂಬ ಪುಡಿ ಪೊಟ್ಟಣ ನಮ್ಮ ಆಸ್ಪಿರಿನ್ ಜಾತಿಯದು ಎಂದು ಹೇಗೆ ತಿಳಿಯಬೇಕು? ಸಿಂತ್ರೋಮ್ ಎಂದರೆ ನಮ್ಮ ಅಸಿಟ್ರೋಮ್, ಅದೇ ರಕ್ತ ತೆಳುವಾಗಿಸುವ ಮಾತ್ರೆ. ಗೊತ್ತಿಲ್ಲದೆ ಎರಡನ್ನೂ ಕೊಟ್ಟರೆ ಡೋಸು ದುಪ್ಪಟ್ಟು.

ಪರೇಲ್, ದಾದರ್ ಕಡೆ ಲಾಡ್ಜು ನಡೆಸುವ ನಮ್ಮ ಶೆಟ್ಟರು, ಪೂಜಾರಿಯವರಿಗೆ ಒಂದು ಮಾತು. ಭಾನುವಾರ ಸಂಜೆ ಆಸ್ಪತ್ರೆಯ ಆಫೀಸು ಮುಚ್ಚಿದ ಮೇಲೆ ಫ್ರೆಂಚ್ ಫೈಲು ಹಿಡಿದವರು ಮೊದಲು ನಿಮ್ಮ ಕೌಂಟರಿಗೇ ಬರುತ್ತಾರೆ. 'ಅಕ್ಕ, ಒಂದು ಪೇಪರ್ ಬಂದಿದೆ' ಎಂದು ನೀವು ನನಗೂ ಫೋನ್ ಮಾಡುತ್ತೀರಿ, ಸಂತೋಷ. ಫೈಲಿನ ಫೋಟೋ ಕಳಿಸುವಾಗ ಅವರು ತಗೊಳ್ಳುವ ಮಾತ್ರೆಗಳ ಡಬ್ಬಿಯ ಫೋಟೋವನ್ನೂ ಕಳಿಸಿ, ಹೆಸರು ಮತ್ತು ಮಿಲಿಗ್ರಾಂ ಕಾಣುವ ಹಾಗೆ. ರೂಮು ಗುಡಿಸುವ ಹುಡುಗರಿಗೂ ಹೇಳಿಡಿ, ಡಬ್ಬಿ ಖಾಲಿಯಾಗಿದ್ದರೂ ಕೇಳದೆ ಎಸೆಯಬೇಡಿ ಎಂದು.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಮಾಟುಂಗಾ, ಮುಂಬಯಿ